ಹಿಂದಿನ ಸೀಟಿನ ರೇಡಿಯೋ

ಸೆಕೆಂಡ್ ಹ್ಯಾಂಡ್ ಕಾರು ಮಾರುವ ಆ ಅಂಗಳದಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿತ್ತು. ಒಬ್ಬ ಗಾಡಿ ತೊಳೆಯುತ್ತಿದ್ದ, ಒಬ್ಬ ಪಾಲಿಶ್ ಹಚ್ಚುತ್ತಿದ್ದ, ಯಜಮಾನ ಸುಳ್ಳು ಹೇಳುತ್ತಿದ್ದ. ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದ ಮನುಷ್ಯನ ಕೆಲಸ ಮಾತ್ರ ಮರ್ಯಾದಸ್ಥರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಗಿರಾಕಿ ಗಾಡಿ ಓಡಿಸಿ ನೋಡಲು ಹೊರಟಾಗ ಅವನು ಹಿಂದಿನ ಸೀಟಿನಲ್ಲಿ ಕೂರಬೇಕು. ಗಾಡಿಯ ಹುಳುಕು ಹೊರಬೀಳುವ ಗಳಿಗೆಗೆ ಸರಿಯಾಗಿ ಬಾಯಿ ತೆರೆಯಬೇಕು. ಇಷ್ಟಕ್ಕೇ ಅವನಿಗೆ ತಿಂಗಳ ಸಂಬಳ ಬರುತ್ತಿತ್ತು.

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುವ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು. ಹರೆಯದಲ್ಲಿ ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ನೋವಿನ ಎಣ್ಣೆ ಮಾರಿದ. ಆ ಎಣ್ಣೆ ಮಂಡಿಗೂ ಆಗುತ್ತಿತ್ತು, ತಲೆನೋವಿಗೂ ಆಗುತ್ತಿತ್ತು, ಗಿರಾಕಿ ಒತ್ತಾಯಿಸಿದರೆ ಕಿರುಗುಟ್ಟುವ ಬಾಗಿಲಿಗೂ ಆಗುತ್ತಿತ್ತು. ಆಮೇಲೆ ಬಟ್ಟೆ ಅಂಗಡಿಯ ಮುಂದೆ ಮೈಕು ಹಿಡಿದು ನಿಂತ. ಅಂಗಡಿಯವನು ಇವನ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡು ಮನುಷ್ಯನನ್ನು ಮನೆಗೆ ಕಳಿಸಿದ. ಹಾಗೆ ಬೇಕಾರಾಗಿ ಕೂತಿದ್ದಾಗ ಗೆಳೆಯನೊಬ್ಬ ಕಾರು ಕೊಳ್ಳಲು ಈ ಅಂಗಳಕ್ಕೆ ಹೊರಟು ಇವನನ್ನೂ ಜೊತೆಗೆ ಕರೆದುಕೊಂಡು ಹೋದ. ಓಡಿಸಿ ನೋಡುವಾಗ ಗೇರು ಬದಲಾದ ಕಡೆ ಗಾಡಿ ಎಗರಿತು. ಅದೇ ಹೊತ್ತಿಗೆ ಇವನು ಹೆಂಡತಿಯ ಮೇಲೆ ಒಂದು ಜೋಕು ಹೇಳಿದ್ದ. ಗೆಳೆಯ ಬಿದ್ದು ಬಿದ್ದು ನಕ್ಕು ಗಾಡಿ ಕೊಂಡುಬಿಟ್ಟ. ಮಾರನೆಯ ದಿನ ಯಜಮಾನ ಇವನ ಮನೆ ಹುಡುಕಿಕೊಂಡು ಬಂದ. ಗೆಳೆಯ ಮತ್ತೆಂದೂ ಆ ಕಡೆ ಸುಳಿಯಲಿಲ್ಲ.

ಮನೆಯಲ್ಲಿ ತಾನು ಮ್ಯಾನೇಜರ್ ಎಂದು ಹೇಳಿಕೊಂಡಿದ್ದ. ಹೆಂಡತಿ ನಂಬಲಿಲ್ಲ. ಅವಳು ಅವನ ಯಾವ ಮಾತನ್ನೂ ನಂಬುತ್ತಿರಲಿಲ್ಲ. ಸಕ್ಕರೆ ಮುಗಿದಿದೆ ಎಂದು ಅವನು ಹೇಳಿದರೆ ಎದ್ದು ಹೋಗಿ ಡಬ್ಬಿಯ ಮುಚ್ಚಳ ತೆರೆದು ನೋಡುತ್ತಿದ್ದಳು. ಮಗಳು ಹಾಗಲ್ಲ. ಅವಳಿಗೆ ಅಪ್ಪನ ಮಾತು ನಿಜವೋ ಸುಳ್ಳೋ ಎನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ, ನಗು ಬಂದರೆ ಸಾಕಾಗಿತ್ತು.

ಗಿರಾಕಿಗಳ ವಿಷಯದಲ್ಲಿ ರೇಡಿಯೋಗೆ ಎಳ್ಳಷ್ಟೂ ಮರುಕವಿರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಸಣ್ಣ ಹಳೇ ಗಾಡಿ ಕೊಳ್ಳಲು ಬರುವವನು ಬಗ್ಗಿ ಟೈರು ನೋಡುತ್ತಾನೆ, ಇಂಜಿನ್ನಿನ ಮೇಲೆ ಕೈಯಿಟ್ಟು ಕೇಳುತ್ತಾನೆ. ಯಾರೋ ಸಾಹುಕಾರ ಸವೆಸಿ ಬಿಸಾಕಿದ ವಿದೇಶಿ ದೊಡ್ಡ ಗಾಡಿ ಕೊಳ್ಳಲು ಬರುವವನ ಜಾತಿಯೇ ಬೇರೆ. ಅವನು ಮೊದಲು ಸೀಟಿನ ಚರ್ಮ ಸವರುತ್ತಾನೆ. ಆಮೇಲೆ ಛಾವಣಿಯ ಮೇಲಿನ ಗಾಜು ತೆರೆದು ಮುಚ್ಚಿ, ಮುಚ್ಚಿ ತೆರೆದು ಆಡುತ್ತಾನೆ. ಇನ್ನೂ ತನ್ನದಾಗದ ಗಾಡಿಯ ಮುಂದೆ ಎದೆಯುಬ್ಬಿಸಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಾನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಇವರಿಗೆ ಐಶ್ವರ್ಯವೂ ಬಂದಿಲ್ಲ, ಕೊಡೆಯಷ್ಟೇ ಬೇಕು, ಅದೂ ಬೇರೆಯವರು ಹಿಡಿದು ಬಿಟ್ಟದ್ದು. ಇಂಥವರಿಗೆ ಮೋಸ ಮಾಡುವುದು ಪಾಪವಲ್ಲ, ಅವರೇ ಕೇಳಿಕೊಂಡು ಬರುವ ಸೇವೆ ಎಂದು ರೇಡಿಯೋ ನಂಬಿದ್ದ.

ಒಂದು ಕಪ್ಪು ಎಸ್‌ಯುವಿ ಅಂಗಳಕ್ಕೆ ಬಂದದ್ದು ಇಂಥ ಇನ್ನೊಬ್ಬನಿಗಾಗಿಯೇ. ಹೊರಗೆ ಶೃಂಗಾರ, ಒಳಗೆ ಗೋಳಿಸೊಪ್ಪು. ಅದರ ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು ಎಂದು ವರ್ಕ್‌ಶಾಪಿನವರು ಹೇಳಿದ ದಿನವೇ ಹಿಂದಿನ ಮಾಲೀಕ ಅದನ್ನು ತಂದು ಯಜಮಾನನ ಕೊರಳಿಗೆ ಕಟ್ಟಿ ಹೋಗಿದ್ದ. ಯಜಮಾನ ಹಳೆಯ ಗೇರ್ ಆಯಿಲ್ ಇಳಿಸಿ ಹೊಸದು ಹಾಕಿಸಿದ, ಬ್ಯಾಟರಿಯ ವೈರು ಬಿಚ್ಚಿ ಮತ್ತೆ ಹಾಕಿದ. ಸ್ಟೀರಿಂಗ್ ಹಿಂದೆ ಉರಿಯುತ್ತಿದ್ದ ಎಚ್ಚರಿಕೆಯ ಹಳದಿ ದೀಪ ಆರಿತು. ದೀಪ ಆರಿತೇ ಹೊರತು ರೋಗ ಹೋಗಲಿಲ್ಲ. ತಣ್ಣಗಿದ್ದಷ್ಟು ಹೊತ್ತು ಗಾಡಿ ಸಾಧುವಿನ ಹಾಗೆ ಹೋಗುತ್ತಿತ್ತು. ಬಿಸಿಯೇರಿದ ಮೇಲೆ, ಎರಡನೇ ಗೇರಿನಿಂದ ಮೂರಕ್ಕೆ ತಾನಾಗಿ ಬೀಳುವಾಗ, ಹಿಂದಿನಿಂದ ಯಾರೋ ಒದ್ದಂತೆ ಎಗರುತ್ತಿತ್ತು. ಏರು ಸಿಕ್ಕರಂತೂ ಇಂಜಿನ್ ಅರಚುತ್ತಿತ್ತು, ಚಕ್ರ ಕದಲುತ್ತಿರಲಿಲ್ಲ. ಹಾಗಾಗಿ ಯಜಮಾನ ಓಡಿಸಿ ನೋಡಲು ಗೊತ್ತುಮಾಡಿದ ದಾರಿಯಲ್ಲಿ ಫ್ಲೈಓವರ್ ಇರಲಿಲ್ಲ. ಅಂಗಳದಿಂದ ಸಪಾಟು ರಸ್ತೆ, ನೀರಿನ ಟ್ಯಾಂಕು, ಟೈರ್ ಅಂಗಡಿ, ಅದರಾಚೆ ಒಂದು ತಿರುವು, ಅಲ್ಲಿಂದ ವಾಪಸ್ಸು.

ಗಾಡಿ ಎಗರುವುದು ಆ ತಿರುವು ಮುಗಿದು ವೇಗ ಹಿಡಿಯುವಲ್ಲಿ. ರೇಡಿಯೋ ಟೈರ್ ಅಂಗಡಿಯ ಹತ್ತಿರ ಕಥೆ ಶುರುಮಾಡಿದರೆ ನಗುವ ಜಾಗ ಸರಿಯಾಗಿ ಅಲ್ಲಿಗೆ ಬರುತ್ತಿತ್ತು. ಇದರಲ್ಲಿ ಒಂದು ಗುಟ್ಟಿತ್ತು. ಹೊಟ್ಟೆ ತುಂಬ ನಗುವಾಗ ಮನುಷ್ಯನ ಮೈ ತಾನಾಗಿ ಕುಲುಕುತ್ತದೆ, ಗಾಡಿ ಕುಲುಕಿದ್ದು ಅದರಲ್ಲೇ ಕಲೆತುಹೋಗುತ್ತದೆ. ಇದನ್ನು ಕಂಡುಹಿಡಿದ ತನ್ನ ಬುದ್ಧಿಗೆ ತಾನೇ ಮೆಚ್ಚಿ ರೇಡಿಯೋ ಬೆನ್ನು ತಟ್ಟಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅಂಗಳಕ್ಕೆ ಒಂದು ಬಿಳಿ ವ್ಯಾನು ಬಂದು ನಿಂತಿತು. ಬಂಪರ್ ಡೊಂಕಾದ, ಒಳಗೆಲ್ಲ ಸೋಪಿನ ವಾಸನೆ ತುಂಬಿದ ಆ ವ್ಯಾನನ್ನು ರೇಡಿಯೋ ದೂರದಿಂದಲೇ ಗುರುತು ಹಿಡಿದ. ಅದು ಅವನ ಮಗಳದು. ಗುಡ್ಡದ ಮೇಲಿನ ಲಾಡ್ಜುಗಳ ಹಾಸಿಗೆ ಬಟ್ಟೆ, ಟವೆಲ್ಲುಗಳನ್ನು ತಂದು, ಒಗೆದು, ಇಸ್ತ್ರಿ ಮಾಡಿ, ಮತ್ತೆ ಗುಡ್ಡ ಹತ್ತಿಸಿ ತಲುಪಿಸುವ ಲಾಂಡ್ರಿ ಅವಳದು. ಗಂಡನ ಮನೆ ನಡೆಯುತ್ತಿದ್ದದ್ದು ಆ ಲಾಂಡ್ರಿಯಿಂದ, ಲಾಂಡ್ರಿ ನಡೆಯುತ್ತಿದ್ದದ್ದು ಆ ವ್ಯಾನಿನಿಂದ. ಗಂಡ ಎನ್ನುವವನು ಬಾಡಿಗೆ ಮನೆ ಕೊಡಿಸುವ ದಲ್ಲಾಳಿ. ಕೊಡಿಸಿದ ಮನೆಗಳಿಗಿಂತ ಹೊಲಿಸಿದ ಕೋಟುಗಳೇ ಹೆಚ್ಚು.

ಅಳಿಯ ವ್ಯಾನಿನಿಂದಿಳಿದು ನೇರ ಕಪ್ಪು ಗಾಡಿಯ ಹತ್ತಿರ ಹೋದ. ಸೀಟಿನ ಚರ್ಮ ಸವರಿದ.

"ಮಾವ, ನಿಮಗೆ ಹೇಳ್ದೇನೇ ಬಂದ್ವಿ. ಇದನ್ನ ತಗೊಳ್ತಿದೀವಿ. ವ್ಯಾನು ಇಲ್ಲೇ ಕೊಟ್ಬಿಡೋದು, ಉಳಿದಿದ್ದು ಕಂತು. ದೊಡ್ಡ ಗಾಡಿಯಿಂದ ಇಳಿದ್ರೆ ಗಿರಾಕಿ ಸಾರ್ ಅಂತಾನೆ."

"ಮತ್ತೆ ಲಾಂಡ್ರಿ?" ಎಂದ ರೇಡಿಯೋ.

"ಬಟ್ಟೆ ಗಂಟುಗಳನ್ನ ಹಿಂದೆ ಹಾಕ್ಕೊಂಡ್ರಾಯ್ತು. ಎಷ್ಟು ಜಾಗ ಇದೆ ನೋಡಿ!" ಅಳಿಯ ಮೇಲಿನ ಗಾಜು ತೆರೆದ, ಮುಚ್ಚಿದ. "ನೀವೇ ಇಲ್ಲಿ ಮ್ಯಾನೇಜರ್ ಇರುವಾಗ ನಮಗೆ ಮೋಸ ಆಗುತ್ತಾ?"

ಮಗಳು ಸೋಡಾಪುಡಿಗೆ ಸವೆದು ಬಿರುಕುಬಿಟ್ಟ ಬೆರಳುಗಳಿಂದ ಆ ಗಾಡಿಯ ಬಾಗಿಲನ್ನು ಒಮ್ಮೆ ಮುಟ್ಟಿ, ಗುರುತು ಬಿದ್ದೀತೆಂದು ಸೆರಗಿನಿಂದ ಒರೆಸಿದಳು. ಅವಳಿಗೂ ಅದು ಬೇಕಾಗಿತ್ತು. ಗಂಟುಗಳ ನಡುವೆ ಕೂತು ಕೂತು ಸಾಕಾಗಿತ್ತು, ಪಾಪ.

ರೇಡಿಯೋ ಯಜಮಾನನನ್ನು ತೊಳೆಯುವ ಜಾಗದ ಹಿಂದಕ್ಕೆ ಕರೆದುಕೊಂಡು ಹೋದ.

"ಯಜಮಾನ್ರೇ, ಇವರಿಗೆ ಬೇಡ. ನನ್ನ ಮಗಳು."

"ಇಷ್ಟು ದಿನ ಬಂದವರೆಲ್ಲ ಯಾರ ಮಕ್ಕಳು? ಆಕಾಶದಿಂದ ಉದುರಿದ್ರಾ?" ಯಜಮಾನ ಹಲ್ಲು ಕಡ್ಡಿ ಕಚ್ಚುತ್ತ ಕೇಳಿದ. "ನೋಡಪ್ಪ, ಬೇಕಾದ್ರೆ ಈಗಲೇ ಹೋಗಿ ಹೇಳು. ನಾಳೆಯಿಂದ ಮತ್ತೆ ಬಸ್ಸು ಹತ್ತಿ ಎಣ್ಣೆ ಮಾರು. ಈ ವಯಸ್ಸಲ್ಲಿ ಓಡೋ ಬಸ್ಸು ಹತ್ತಕ್ಕಾಗುತ್ತಾ ನಿನಗೆ?"

ಬಾಯಿ ಬಡುಕರು ಧೈರ್ಯವಂತರೆಂದು ಜನ ತಿಳಿಯುತ್ತಾರೆ. ಶುದ್ಧ ಸುಳ್ಳು. ರೇಡಿಯೋ ಅಲ್ಲೇ ನಿಂತು ಒಂದು ಉಪಾಯ ಹೂಡಿದ. ತಾನು ಏನನ್ನೂ ಹೇಳುವುದಿಲ್ಲ, ಸುಮ್ಮನೆ ಕೂರುತ್ತೇನೆ. ತಿರುವಿನಲ್ಲಿ ಗಾಡಿ ಎಗರುತ್ತದೆ, ಅಳಿಯನಿಗೆ ತಾನಾಗಿ ಗೊತ್ತಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜೀವಮಾನವಿಡೀ ಬೇಡದ ಕಡೆ ಬಾಯಿ ಬಿಟ್ಟವನು, ಬಾಯಿ ಬಿಡಲೇಬೇಕಾದ ಒಂದೇ ಒಂದು ಕಡೆ ಮೌನವ್ರತ ಹಿಡಿದ.

ಅಳಿಯ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಯಜಮಾನ, ಹಿಂದೆ ಅಪ್ಪ ಮಗಳು. ನೀರಿನ ಟ್ಯಾಂಕು ದಾಟಿತು, ರೇಡಿಯೋ ತುಟಿ ಬಿಚ್ಚಲಿಲ್ಲ. ಟೈರ್ ಅಂಗಡಿ ಬಂತು, ಆಗಲೂ ಇಲ್ಲ. ಯಜಮಾನ ಕತ್ತು ತಿರುಗಿಸಿ ದುರುಗುಟ್ಟಿದ. ರೇಡಿಯೋ ಕಿಟಕಿಯ ಕಡೆ ನೋಡಿದ.

"ಅಪ್ಪ, ಯಾಕೆ ಸುಮ್ನಾಗಿದೀಯ? ಮೈ ಹುಷಾರಿಲ್ವಾ?" ಎಂದಳು ಮಗಳು.

ಅವನು ಏನಿಲ್ಲ ಎಂದು ತಲೆಯಾಡಿಸಿದ. ಮಗಳಿಗೆ ಅಪ್ಪನ ಮೌನ ಕೇಳಿ ಅಭ್ಯಾಸವಿರಲಿಲ್ಲ. ಗಂಡ ಎದುರಿಗಿದ್ದಾನೆ, ಯಜಮಾನರಿದ್ದಾರೆ, ಅಪ್ಪ ಮುಖ ಗಂಟಿಕ್ಕಿಕೊಂಡು ಕೂತಿದ್ದಾನೆ. ಆ ಬಿಗಿಯನ್ನು ಸಡಿಲಿಸಲೆಂದು ತಾನೇ ಶುರುಮಾಡಿದಳು.

"ರೀ, ಅಪ್ಪ ಬಸ್ಸಲ್ಲಿ ಎಣ್ಣೆ ಮಾರ್ತಿದ್ದಾಗ ಏನಾಯ್ತು ಗೊತ್ತಾ? ಒಬ್ಬ ಬೋಳುತಲೆಯವನು ಕೇಳಿದನಂತೆ, ಇದು ಹಚ್ಚಿದ್ರೆ ಕೂದಲು ಬರುತ್ತಾ ಅಂತ. ಅಪ್ಪ ಹೇಳಿದನಂತೆ, ಖಂಡಿತ ಬರುತ್ತೆ ಸ್ವಾಮಿ, ಆದ್ರೆ ಹಚ್ಚಿದ ಕೈ ಚೆನ್ನಾಗಿ ತೊಳ್ಕೊಳಿ. ಹೋದ ವಾರ ಒಬ್ರು ಮರೆತು, ಈಗ ಅಂಗೈಗೆ ಬಾಚಣಿಗೆ ಹುಡುಕ್ತಿದಾರೆ!"

ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎನ್ನುವ ಹದ ಅವಳಿಗೆ ರಕ್ತದಲ್ಲೇ ಬಂದಿತ್ತು. ಬಾಚಣಿಗೆ ಎನ್ನುವ ಮಾತಿಗೂ ತಿರುವು ಮುಗಿಯುವುದಕ್ಕೂ ಸರಿಹೋಯಿತು. ಅಳಿಯ ಸ್ಟೀರಿಂಗಿನ ಮೇಲೆ ಬಗ್ಗಿ ನಕ್ಕ, ಯಜಮಾನ ತೊಡೆ ತಟ್ಟಿಕೊಂಡು ನಕ್ಕ, ಮಗಳು ತಾನೂ ನಕ್ಕಳು. ಗಾಡಿ ಎಗರಿದ್ದು ರೇಡಿಯೋನ ಬೆನ್ನಿಗೆ ಮಾತ್ರ ತಿಳಿಯಿತು.

ಆಗ ಅವನಿಗೆ ನಿಜವಾಗಿ ಭಯವಾಯಿತು. ಉಪಾಯ ಕೈಕೊಟ್ಟಿತ್ತು, ಅಂಗಳ ಹತ್ತಿರವಾಗುತ್ತಿತ್ತು. ಯಜಮಾನ, ಎಣ್ಣೆ, ಬಸ್ಸು ಎಲ್ಲ ಮರೆತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಅಳಿಯಂದ್ರೇ, ಈ ಗಾಡಿ ತಗೋಬೇಡಿ. ಇದರ ಗೇರ್‌ಬಾಕ್ಸ್ ಹೋಗಿದೆ. ಗುಡ್ಡ ಹತ್ತಲ್ಲ."

ಅವನು ತನ್ನ ಆಯುಷ್ಯದಲ್ಲಿ ಆಡಿದ ಅತ್ಯಂತ ಸರಳವಾದ ಸತ್ಯ ಅದು. ಅಳಿಯ ಹೋ ಎಂದು ನಕ್ಕ.

"ಅಬ್ಬಾ ಮಾವ! ಯಜಮಾನ್ರನ್ನ ಪಕ್ಕದಲ್ಲೇ ಕೂರಿಸ್ಕೊಂಡು ಇಂಥ ಜೋಕಾ!"

ಯಜಮಾನ ಅವನಿಗಿಂತ ಜೋರಾಗಿ ನಕ್ಕ. ನಗುತ್ತಲೇ ಮೇಲಿನ ಕನ್ನಡಿಯಲ್ಲಿ ರೇಡಿಯೋನ ಕಣ್ಣಿಗೆ ಕಣ್ಣಿಟ್ಟ. ಮಗಳು ನಗು ತಡೆಯಲಾರದೆ, "ಅಪ್ಪಾ, ಸುಮ್ನಿರು!" ಎಂದು ಅವನ ಮಂಡಿಗೆ ಹೊಡೆದಳು. ಆಗ ಅವನು ಇನ್ನೊಂದು ಸಲ ಹೇಳಬಹುದಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ ಎಂದರೆ ಸಾಕಿತ್ತು. ರೇಡಿಯೋ ಕನ್ನಡಿಯಲ್ಲಿದ್ದ ಕಣ್ಣುಗಳನ್ನು ನೋಡಿದ, ಎಲ್ಲರ ಜೊತೆ ಸೇರಿ ತಾನೂ ನಕ್ಕುಬಿಟ್ಟ. ಥೂ.

ಆ ಸಂಜೆ ಮನೆಯಲ್ಲಿ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು.

"ಪುಟ್ಟಿ ತಗೊಂಡ ಗಾಡಿ ಸರಿಯಿಲ್ಲ ಕಣೇ."

ಅವಳು ಯಾವ ಡಬ್ಬಿಯನ್ನೂ ತೆರೆದು ನೋಡಲು ಹೋಗಲಿಲ್ಲ. ಅವನ ಮುಖವನ್ನೇ ನೋಡಿದಳು. "ಅವಳಿಗೆ ಹೇಳಿದ್ರಾ?"

"ಹೇಳ್ದೆ."

"ಹೇಳಿ ನಕ್ಕಿರ್ತೀರಿ," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಹೇಳುತ್ತೇನೆ ಎಂದುಕೊಂಡ. ಮರುದಿನ ಮಗಳು ಗಾಡಿಯ ಮುಂದೆ ನಿಂತ ಫೋಟೋ ಕಳಿಸಿದಳು, ಅದಕ್ಕೆ ತಮಾಷೆಯ ಉತ್ತರ ಬರೆದ. ಅದರ ಮರುದಿನ, ಇವತ್ತು ಭಾನುವಾರ, ಬೇಡ ಎಂದುಕೊಂಡ. ಹೇಡಿಗೆ ಯಾವ ವಾರವೂ ಆಗಿಬರುವುದಿಲ್ಲ.

ಅಷ್ಟರಲ್ಲಿ ಬಿಳಿ ವ್ಯಾನಿನ ಬಂಪರ್ ನೆಟ್ಟಗಾಗಿ, ಮೈಗೆ ಪಾಲಿಶ್ ಬಿದ್ದು, ಕೊಳ್ಳಲು ಒಬ್ಬ ಪ್ಲಂಬರ್ ಬಂದ. ಯಜಮಾನ ಎಂದಿನಂತೆ ರೇಡಿಯೋನನ್ನು ಹಿಂದೆ ಹತ್ತಿಸಿದ. ಅವನು ಹತ್ತಿ ಕೂತರೆ ಮಗಳ ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಸೀಟಿನ ಸಂದಿಯಲ್ಲಿ ಅವಳ ಬಟ್ಟೆ ಕ್ಲಿಪ್ಪೊಂದು ಸಿಕ್ಕಿಕೊಂಡಿತ್ತು, ಅದನ್ನು ತೆಗೆದು ಅಂಗೈಯಲ್ಲಿ ಹಿಡಿದ. ಪ್ಲಂಬರ್ ಇಂಜಿನ್ನಿಗೆ ಕಿವಿ ಕೊಟ್ಟು ಓಡಿಸುತ್ತಿದ್ದ. ಟೈರ್ ಅಂಗಡಿಯ ಹತ್ತಿರ ರೇಡಿಯೋನ ಫೋನು ಕೂಗಿತು.

"ಅಪ್ಪಾ," ಎಂದಳು ಮಗಳು. ಅವಳ ದನಿಯ ಹಿಂದೆ ಇಂಜಿನ್ ಅರಚುತ್ತಿತ್ತು, ಯಾರ್ಯಾರೋ ಹಾರನ್ ಹೊಡೆಯುತ್ತಿದ್ದರು. "ಗುಡ್ಡದ ಮಧ್ಯ ನಿಂತುಬಿಟ್ಟಿದೀನಿ. ಎಷ್ಟು ಒತ್ತಿದ್ರೂ ಗಾಡಿ ಮುಂದಕ್ಕೆ ಹೋಗ್ತಿಲ್ಲ, ಹಿಂದಕ್ಕೆ ಜಾರ್ತಿದೆ. ಚಕ್ರಕ್ಕೆ ಕಲ್ಲು ಕೊಟ್ಟಿದೀವಿ. ಲಾಡ್ಜಿನವರು ಇವತ್ತೂ ಬಟ್ಟೆ ಬರದಿದ್ರೆ ಬೇರೆಯವರಿಗೆ ಕೊಡ್ತೀವಿ ಅಂದಿದಾರೆ."

ಅವನು ಹೂಂ ಎಂದ.

"ಅಪ್ಪಾ, ಅವತ್ತು ನೀನು ಹೇಳಿದ್ಯಲ್ಲ, ಗುಡ್ಡ ಹತ್ತಲ್ಲ ಅಂತ." ಅವಳು ತಡೆದಳು. "ಅದು ಜೋಕಲ್ವಾ? ನಿನಗೆ ಮೊದಲೇ ಗೊತ್ತಿತ್ತಾ?"

ಮುಂದಿನ ಸೀಟಿನಿಂದ ಪ್ಲಂಬರ್ ಕೇಳಿದ, "ಏನಂತೀರಾ ಸಾರ್, ಗಾಡಿ ಚೆನ್ನಾಗಿದೆ ಅಲ್ವಾ? ತಗೊಳ್ಳೋಣ್ವಾ?"

"ಅಪ್ಪಾ, ಮಾತಾಡು," ಎಂದಳು ಮಗಳು ಫೋನಿನಲ್ಲಿ.

ರೇಡಿಯೋ ಬಾಯಿ ತೆರೆದ. ಅದರೊಳಗಿಂದ ಏನೂ ಬರಲಿಲ್ಲ. ಪ್ಲಂಬರ್ ತಿರುವು ದಾಟಿಸಿ ಗೇರು ಬದಲಿಸಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಗೇರು ಬಿತ್ತು, ವ್ಯಾನು ಒಂದಿಷ್ಟೂ ಕುಲುಕದೆ ಮುಂದಕ್ಕೆ ಹೋಯಿತು.