ಕುಡಿತ ಬಿಟ್ಟ ಮೇಲೆ ತೂರಾಡಿದ ಮಾಮಾ

ಮೊನ್ನೆ ಸೂಜಿ ಚುಚ್ಚುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಗುರುಪಾದ ಮಾಮಾ ನೆನಪಾದರು. ನಗಬೇಡಿ, ನನ್ನ ಬಡ ಮೂಗಿಗೆ ಸ್ಪಿರಿಟ್ಟಿಗೂ ದಾರುವಿಗೂ ಇಂದಿಗೂ ವ್ಯತ್ಯಾಸ ತಿಳಿಯದು.

ಮಾಮಾ ನನ್ನ ತಾಯಿಯ ತಮ್ಮ. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆಂದು ಬಂದ ನಾನು ಖಡಕಿಯಲ್ಲಿ ಅವರ ಎರಡು ಖೋಲಿಯ ಮನೆ ಸೇರಿಕೊಂಡೆ. ಪಾಳಿ ಮುಗಿದರೆ ಮಾಮಾ ನೇರ ದಾರು ಅಂಗಡಿಗೆ. ಕುಡಿದು ಕೂಗಾಡಿದವರಲ್ಲ, ಗೋಡೆ ಹಿಡಿದು ಬಂದು, ಉಣ್ಣದೆ ಮಲಗಿಬಿಡುತ್ತಿದ್ದರು. ಹೀಗೇ ವರ್ಷಗಟ್ಟಲೆ. ಕಡೆಗೊಂದು ಯುಗಾದಿಗೆ ಹೆಂಡತಿ ಕಮಲಾ ಮಾಮಿಯ ಕಣ್ಣೀರಿಗೆ ಸೋತು, ಮಗಳು ಶೈಲಾಳ ತಲೆ ಮುಟ್ಟಿ ಆಣೆ ಮಾಡಿ, ಬಿಟ್ಟೇಬಿಟ್ಟರು. ಮಾಮಿ ಓಣಿಗೆಲ್ಲ ಹೋಳಿಗೆ ಹಂಚಿದರು.

ಮಳೆಗಾಲದ ಹೊತ್ತಿಗೆ ಮಾಮಾ ಮತ್ತೆ ತೂರಾಡತೊಡಗಿದರು. ಕಾಲು ಅಗಲಿಸಿ, ಪಾದ ನೆಲಕ್ಕೆ ಬಡಿಯುತ್ತ ನಡೆಯುತ್ತಿದ್ದರು. ದಾರಿಯಲ್ಲಿ ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಬರಿಗಾಲಲ್ಲಿ ಮನೆಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಕುಡಿದು ಬಂದಿದ್ದಾರೆಂದು ಕಾರ್ಖಾನೆಯ ಗೇಟಿನಿಂದಲೇ ಅವರನ್ನು ತಿರುಗಿ ಕಳಿಸಿದರು. ಮಾಮಿ ಹೊಸ್ತಿಲಲ್ಲಿ ಅಡ್ಡ ನಿಂತರು.

"ಮಗಳ ತಲಿ ಮುಟ್ಟಿದ್ರಿ ನೀವು. ಆಕಿಗೇನರ ಆದ್ರ?"

"ಒಂದು ಹನಿ ಮುಟ್ಟಿಲ್ಲ ಕಮಲಾ. ಬೇಕಾರ ಬಾಯಿ ಮೂಸಿ ನೋಡು."

ಮಾಮಿ ಹತ್ತಿರ ಹೋಗಿ ಮೂಸಿದರು. ಮುಖದ ಮೇಲಿನ ಸಿಟ್ಟು ಇಳಿದು ಬಿಳಿಚಿಕೊಂಡರು. ನನ್ನ ಕಡೆ ತಿರುಗಿ, "ವಾಸನಿನೇ ಇಲ್ಲಪಾ," ಎಂದರು. ಕುಡಿದೇ ಬಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು ನನಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಮಾಮಾನನ್ನು ಕಾಲು ಜೋಡಿಸಿ ನಿಲ್ಲಿಸಿದರು. ನಿಂತರು. "ಆತಾ ಡೋಳೆ ಮಿಟಾ," ಈಗ ಕಣ್ಣು ಮುಚ್ಚಿ, ಎಂದರು ಮರಾಠಿಯಲ್ಲಿ. ಮುಚ್ಚಿದ್ದೇ ತಡ, ಮಾಮಾ ಬುಡ ಕಡಿದ ಬಾಳೆಯಂತೆ ವಾಲಿದರು. ಮಾಮಿಯೂ ನಾನೂ ಹಿಡಿದುಕೊಂಡೆವು. ಬರೀ ಕಣ್ಣು ಮುಚ್ಚಿದ್ದಕ್ಕೆ ಮನುಷ್ಯ ಬಿದ್ದುಬಿಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇಷ್ಟು ವರ್ಷದ ದಾರು ಮತ್ತು ಅನ್ನವಿಲ್ಲದ ರಾತ್ರಿಗಳು ಸೇರಿ ಬೆನ್ನುಹುರಿಯನ್ನೂ ಕಾಲಿನ ನರಗಳನ್ನೂ ಒಳಗೊಳಗೇ ತಿಂದಿವೆ, ಅದು ಈಗ ಹೊರಗೆ ಕಾಣುತ್ತಿದೆ, ಎಂದು ಡಾಕ್ಟರು ವಿವರಿಸಿದರು. ಪಾದ ಎಲ್ಲಿದೆ ಎಂಬ ಸುದ್ದಿಯೇ ಮಿದುಳಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಕಣ್ಣಿನಿಂದ ನೋಡಿಕೊಂಡೇ ಇಷ್ಟು ದಿನ ನಡೆದಿದ್ದಾರೆ.

ಮಾಮಾ ಗಾಬರಿಯಲ್ಲಿ ಮರಾಠಿ ಮರೆತು, "ಬಿಟ್ಟೀನಲ್ರಿ ಸಾಹೇಬ್ರ," ಎಂದರು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ.

"ಬಿಟ್ಟಿದ್ದರಿಂದಲೇ ಇಷ್ಟಕ್ಕೆ ನಿಂತಿದೆ," ಎಂದರು ಡಾಕ್ಟರು.

ಚುಚ್ಚುಮದ್ದು, ಗುಳಿಗೆ, ವ್ಯಾಯಾಮದಿಂದ ಕಾಲು ಸ್ವಲ್ಪ ಸುಧಾರಿಸಿತು, ಪೂರ್ತಿ ಬರಲಿಲ್ಲ. ಕೈಗೆ ಕೋಲು ಬಂತು. ಕಾರ್ಖಾನೆಯವರು ಕುಳಿತು ಮಾಡುವ ಕೆಲಸ ಕೊಟ್ಟರು. ಮಾಮಿ ರಾತ್ರಿಯಿಡೀ ದೀಪ ಉರಿಸತೊಡಗಿದರು. ಕರೆಂಟ್ ಹೋದ ತಕ್ಷಣ ಒಳಗಿನಿಂದ ಅವರ ದನಿ ಬರುತ್ತಿತ್ತು: "ಎಲ್ಲಿದ್ದೀರಿ ಅಲ್ಲೇ ನಿಲ್ರಿ, ನಾ ಬರ್ತೀನಿ." ಬಂದು ಕೈ ಹಿಡಿದು, ದೀಪ ಬರುವವರೆಗೂ ಕತ್ತಲಲ್ಲಿ ಜೊತೆಗೆ ನಿಂತಿರುತ್ತಿದ್ದರು.

ಇಬ್ಬರೂ ಈಗಿಲ್ಲ. ನನಗೂ ಅರವತ್ತು ದಾಟಿದೆ. ಮನೆಯಲ್ಲಿ ಕರೆಂಟ್ ಹೋದರೆ ಎಲ್ಲರೂ ಟಾರ್ಚ್ ಹುಡುಕುತ್ತಾರೆ. ನಾನು ಇದ್ದಲ್ಲೇ ನಿಂತು ಕಣ್ಣು ಮುಚ್ಚಿ, ಪಾದದಡಿಯ ನೆಲ ತಣ್ಣಗಿದೆಯೆಂದು ತಿಳಿದ ಮೇಲೆ ಹೆಜ್ಜೆ ಎತ್ತುತ್ತೇನೆ.