ಹರಕೆ ಹುಂಜದ ಬೇಸರ

ನನಗೆ ಕಾಮಾಲೆ ಆದಾಗ ನಮ್ಮಮ್ಮ ನನ್ನನ್ನು ಒಂದು ಮಾತೂ ಕೇಳದೆ ನಮ್ಮೂರು ಜವಳಗಿರಿಯ ಮಾರಮ್ಮನಿಗೆ ಕೆಂಪು ಹುಂಜ ಕೊಡುವುದಾಗಿ ಹರಕೆ ಹೊತ್ತುಬಿಟ್ಟಳು. ಕಾಮಾಲೆ ವಾಸಿಯಾಯಿತು. ವಾಸಿ ಮಾಡಿದ್ದು ಮಾತ್ರೆಯೋ ಮಾರಮ್ಮನೋ ಎಂಬ ವಾದಕ್ಕೆ ನಾನು ಹೋಗಲಿಲ್ಲ, ಹೋಗಿದ್ದರೂ ಗೆಲ್ಲುತ್ತಿರಲಿಲ್ಲ. ಊರಿನಲ್ಲಿರುವ ಚಿಕ್ಕಮ್ಮನ ಮನೆಯಿಂದ ಒಂದು ಎಳೆ ಹುಂಜ ಹೊಸೂರಿನ ನಮ್ಮ ಬಾಡಿಗೆ ಮನೆಯ ತಾರಸಿಗೆ ಬಂದು ಇಳಿಯಿತು. ಮೈ ತುಂಬಿಕೊಂಡ ಮೇಲೆ ಒಯ್ದು ಒಪ್ಪಿಸುವುದೆಂದು ತೀರ್ಮಾನವಾಯಿತು.

ಕಾಲಿಗೆ ದಾರ ಕಟ್ಟಿಸಿಕೊಂಡು ನೀರಿನ ಟ್ಯಾಂಕಿನ ನೆರಳಲ್ಲಿ ನಿಂತ ಹುಂಜ ಸ್ವಲ್ಪ ದಿನ ಸುಮ್ಮನಿತ್ತು. ಆಮೇಲೆ ತನ್ನ ಬಾಲದ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿತು. ಊನವಿರುವ ಹುಂಜವನ್ನು ಪೂಜಾರಿ ಮುಟ್ಟುವುದಿಲ್ಲ. ಹರಕೆ ತೀರದಿದ್ದರೆ ಮಗನ ಕಾಯಿಲೆ ಮರಳುತ್ತದೆ ಎಂಬುದರಲ್ಲಿ ಅಮ್ಮನಿಗೆ ಅನುಮಾನವೇ ಇರಲಿಲ್ಲ.

ನನ್ನ ಹೆಂಡತಿ ಹುಂಜವನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದಳು. ಡಾಕ್ಟರು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ರೋಗವೇನಿಲ್ಲ, ಬೇಜಾರಾಗಿದೆ, ತಲೆಗೆ ಏನಾದರೂ ಕೆಲಸ ಕೊಡಿ ಎಂದು ತಮಿಳಿನಲ್ಲಿ ಹೇಳಿ ಕಳಿಸಿದರಂತೆ.

"ಕೋಳಿಗೂ ಬ್ಯಾಸರವಂತಾ?" ಅಮ್ಮ ಬಾಯಿ ಮೇಲೆ ಕೈಯಿಟ್ಟಳು. "ಈ ಊರಿಗೆ ಬಂದಾಗಿಂದ ನಂಗೆ ಬ್ಯಾಸರ. ಯಾವ ಡಾಕ್ಟ್ರಾದ್ರೂ ಕೇಳಿದ್ನಾ?"

ಹಾಗೆಂದವಳೇ ಮರುದಿನದಿಂದ ಟೊಂಕ ಕಟ್ಟಿ ನಿಂತಳು. ಒಂದು ಎಲೆಕೋಸನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ತೂಗುಹಾಕಿದಳು. ಹುಂಜ ಕುಕ್ಕಿದರೆ ಅದು ತೂಗಾಡುತ್ತಿತ್ತು, ಹುಂಜ ನೆಗೆದು ಮತ್ತೆ ಕುಕ್ಕುತ್ತಿತ್ತು. ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು ರಾಗಿ ತುಂಬಿದಳು. ಉರುಳಿಸಿದಷ್ಟೂ ಕಾಳು ಉದುರುತ್ತಿತ್ತು. ಅದು ನಾನು ಫ್ಯಾಕ್ಟರಿಗೆ ಒಯ್ಯುತ್ತಿದ್ದ ನೀರಿನ ಬಾಟಲಿ. ಕೇಳಿದ್ದಕ್ಕೆ, "ನಿನ್ ಸಲುವಾಗೇ ಕಣ್ಲಾ ಇದೆಲ್ಲಾ" ಎಂದು ನನ್ನ ಬಾಯಿ ಮುಚ್ಚಿಸಿದಳು. ಆಮೇಲೆ ತೆಂಗಿನ ಚಿಪ್ಪುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಕಡಲೆಬೀಜ ಇಟ್ಟು, ಅತ್ತಿಂದಿತ್ತ ಸರಿಸುವ ಆಟ. ಹುಂಜ ಕತ್ತು ವಾರೆ ಮಾಡಿ ಒಂದೇ ಕಣ್ಣಲ್ಲಿ ನೋಡಿ ಸರಿಯಾದ ಚಿಪ್ಪನ್ನೇ ಕೆಡವುತ್ತಿತ್ತು. ರಜೆಯ ದಿನ ನಾನೂ ಆಡಿ ನೋಡಿದೆ. ಸೋತೆ. ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವರು ಒಟ್ಟಿಗೆ ನಗುವುದು ನಮ್ಮ ಮನೆಯಲ್ಲಿ ಅಪರೂಪ, ಆದ್ದರಿಂದ ಸಹಿಸಿಕೊಂಡೆ.

ಗರಿಗಳು ಮತ್ತೆ ಬಂದವು. ಬಾಲ ಕುಡುಗೋಲಿನಂತೆ ಬಾಗಿ ಮಿರಮಿರ ಮಿಂಚತೊಡಗಿತು. ಫಜೀತಿ ಆಗಿದ್ದು ಅಲ್ಲೇ. ಹುಂಜ ಖುಷಿಯಾಗಿದ್ದಷ್ಟೂ ಹರಕೆಗೆ ಲಾಯಕ್ಕಾಗುತ್ತಿತ್ತು. ಆಡಿಸಿ ಆಡಿಸಿ ನಾವೇ ಅದನ್ನು ಕತ್ತಿಗೆ ಸಿದ್ಧ ಮಾಡುತ್ತಿದ್ದೆವು. ಮೊದಲು 'ಹರಕೆ ಕೋಳಿ' ಎನ್ನುತ್ತಿದ್ದ ಅಮ್ಮ ಬರಬರುತ್ತಾ 'ನಮ್ಮಪ್ಪ' ಎನ್ನತೊಡಗಿದಳು. ಊರಿಗೆ ಹೋಗುವ ಮಾತೆತ್ತಿದರೆ ಮಂಡಿನೋವು ಎನ್ನುತ್ತಿದ್ದಳು. ಅದು ಸಾಯುವುದು ನನಗೂ ಬೇಡವಾಗಿತ್ತು. ಆದರೆ ನನ್ನ ಜೀವಕ್ಕಾಗಿ ಹೊತ್ತ ಹರಕೆಯನ್ನು ಬೇಡ ಎನ್ನಲು ನನಗೆ ಧೈರ್ಯ ಸಾಲಲಿಲ್ಲ.

ಕೊನೆಗೆ ಚಿಕ್ಕಮ್ಮನೇ ಫೋನು ಮಾಡಿ ಅಮ್ಮನನ್ನು ಬೈದಳು. "ಮಾರಮ್ಮನ್ನ ಕಾಯಿಸ್ಬ್ಯಾಡ ಕಣಕ್ಕ. ಮಗನಿಗೆ ಏನಾರಾ ಆದ್ರೆ?" ಆ ಮಂಗಳವಾರ ಜೀಪು ಮಾಡಿಕೊಂಡು ಹೊರಟೆವು.

ಪೂಜಾರಿ ಹುಂಜವನ್ನು ಗುಡಿಯ ಮುಂದೆ ನಿಲ್ಲಿಸಿ ತಲೆಯ ಮೇಲೆ ಅರಿಶಿನದ ನೀರು ಹಾಕಿದ. ಅದು ಮೈ ಕೊಡವಿದರೆ ಮಾರಮ್ಮ ಒಪ್ಪಿದಳೆಂದು ಅರ್ಥ, ಆಮೇಲೆ ಕತ್ತಿ. ಯಾವ ಕೋಳಿಯಾದರೂ ನೀರು ಬಿದ್ದ ಕೂಡಲೇ ಕೊಡವುತ್ತದೆ. ನಮ್ಮದು ಕೊಡವಲಿಲ್ಲ. ಅದರ ಕಣ್ಣು ತ್ರಿಶೂಲಕ್ಕೆ ದಾರದಲ್ಲಿ ಇಳಿಬಿಟ್ಟಿದ್ದ ನಿಂಬೆಹಣ್ಣಿನ ಮೇಲಿತ್ತು. ಪೂಜಾರಿ ಇನ್ನೊಂದು ಸಲ ನೀರು ಹಾಕಿದ. ಕೊಕ್ಕಿನಿಂದ ತೊಟ್ಟಿಕ್ಕುವ ನೀರನ್ನೂ ಲೆಕ್ಕಿಸದೆ ಹುಂಜ ಮಹಾ ಯೋಚನೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟು ನಿಂಬೆಹಣ್ಣನ್ನು ಕುಕ್ಕಿತು. ಹಣ್ಣು ತೂಗಾಡಿತು. ಅಷ್ಟೇ ಸಾಕು, ಮಾರಮ್ಮನ ಎದುರಿಗೇ ನೆಗೆದು ನೆಗೆದು ಆಡತೊಡಗಿತು.

"ಇಂತಾ ಕೋಳೀನ ನಾನ್ ಕಂಡೇ ಇಲ್ಲ" ಎಂದ ಪೂಜಾರಿ. "ತಡೀರಿ, ಇನ್ನೊಂದ್ ಕಿತ ಆಕ್ತೀನಿ."

"ಬ್ಯಾಡ ಬುಡಪ್ಪ!" ಅಮ್ಮ ಹುಂಜವನ್ನು ಬಾಚಿ ಎತ್ತಿಕೊಂಡಳು. "ಅಮ್ಮನಿಗೆ ಬ್ಯಾಡಾಂದ್ರೆ ಬಲವಂತ ಮಾಡಾಕಾಯ್ತದಾ? ತೆಂಗಿನಕಾಯಿ ಒಡಿ."

ಕಾಯಿ ಒಡೆಸಿದ್ದೇ ತಡ, ನಮಗಿಂತ ಮೊದಲು ಜೀಪು ಹತ್ತಿ ಕುಳಿತಳು.

ಊರು ದಾಟಿದ್ದೆವೋ ಇಲ್ಲವೋ, ಅಮ್ಮನ ಮಡಿಲಲ್ಲಿದ್ದ ಹುಂಜ ಜುಟ್ಟಿನಿಂದ ಬಾಲದವರೆಗೆ ಗರಿ ಕೆದರಿಕೊಂಡು ಪಟಪಟನೆ ಮೈ ಕೊಡವಿತು. ಅರಿಶಿನದ ನೀರು ಎಲ್ಲರ ಮುಖಕ್ಕೂ ಹಾರಿತು. ಹೆಂಡತಿ ಥಟ್ಟನೆ ಹೊರಗೆ ನೋಡತೊಡಗಿದಳು. ಅಮ್ಮ ಸೆರಗಿನಿಂದ ಹುಂಜವನ್ನು ಮುಚ್ಚಿ, ಹೆದರಿದ ಕಣ್ಣಲ್ಲಿ ನನ್ನನ್ನು ನೋಡಿದಳು. ಹರಕೆ ನನ್ನ ಹೆಸರಿನದು.

"ಏನಾರಾ ಕಂಡ್ಯೇನ್ಲಾ?" ಎಂದಳು ಮೆಲ್ಲಗೆ.

ನಾನು ಕೆನ್ನೆಯ ಮೇಲಿನ ಹಳದಿ ನೀರನ್ನು ಒರೆಸಿಕೊಂಡು, "ಇಲ್ಲಮ್ಮ, ನಾನೇನೂ ನೋಡ್ಲಿಲ್ಲ" ಎಂದೆ.