ರೋವೆನಾಳ ಜೊತೆ ರುವೈಸ್‌ಗೆ

ಭಾನುವಾರ ನಸುಕಿನಲ್ಲಿ ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಕಟ್ಟಡದ ಕೆಳಗೆ ಕಾರಿಗೆ ಕಾಯುತ್ತ ನಿಂತಾಗಲೇ ನನ್ನ ಕುರ್ತಾ ಬೆನ್ನಿಗೆ ಅಂಟಿತ್ತು. ಆಗಸ್ಟ್ ತಿಂಗಳು. ಈ ದೇಶದಲ್ಲಿ ಆಗಸ್ಟ್‌ನಲ್ಲಿ ತಲೆ ಸರಿ ಇರುವವರು ಯಾರೂ ಪ್ರವಾಸ ಹೊರಡುವುದಿಲ್ಲ. ನನಗೂ ವಾರಕ್ಕೊಂದು ರಜೆ, ಆ ದಿನ ಹತ್ತು ಗಂಟೆಯವರೆಗೆ ಮಲಗಿ ಇಗರ್ಜಿಯ ಪೂಜೆಗೆ ಹೋಗುವವಳು ನಾನು. ಆದರೆ ರೋವೆನಾ ಕೇಳಿದ್ದಳು, ಇಲ್ಲವೆನ್ನಲು ಬಾಯಿ ಬರಲಿಲ್ಲ.

ರೋವೆನಾ ಫಿಲಿಪೈನ್ಸ್‌ನವಳು, ಸೂಪರ್ ಮಾರ್ಕೆಟ್ ಒಂದರಲ್ಲಿ ಕ್ಯಾಶಿಯರ್. ನಾನು ಶಿರ್ವದ ಕಡೆಯ ಕೊಂಕಣಿ ಹೆಂಗಸು, ಕ್ಲಿನಿಕ್ಕೊಂದರ ರಿಸೆಪ್ಷನ್‌ನಲ್ಲಿ ಕೂರುವವಳು. ನಮ್ಮಿಬ್ಬರ ಸಂಬಂಧವೆಂದರೆ ಎದುರುಬದುರಿನ ಮಂಚಗಳು. ಒಂದು ಕೋಣೆ, ಆರು ಮಂಚ, ಪ್ರತಿ ಮಂಚಕ್ಕೆ ಒಂದು ಪರದೆ; ಇದಕ್ಕೆ ಇಲ್ಲಿ ಬೆಡ್‌ಸ್ಪೇಸ್ ಎನ್ನುತ್ತಾರೆ. ಉಳಿದ ಐವರೂ ಫಿಲಿಪೈನ್ಸ್‌ನವರೇ. ನಾನು ಬಂದ ಮೊದಲ ವಾರ ಅವರೆಲ್ಲ ನನ್ನನ್ನು ‘ಆತೆ, ಆತೆ’ ಎಂದು ಕರೆದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ನಲವತ್ತು ದಾಟಿದ್ದು ನಿಜ, ಹಾಗೆಂದು ಕಂಡವರಿಗೆಲ್ಲ ನಾನು ಅತ್ತೆಯೇ? ಆಮೇಲೆ ಗೊತ್ತಾಯಿತು, ಅವರ ಭಾಷೆಯಲ್ಲಿ ಆತೆ ಎಂದರೆ ಅಕ್ಕ.

ಕೋಣೆಯ ಜಗಳವೆಲ್ಲ ವೈ-ಫೈ ಕುರಿತು. ಆರೂ ಜನ ಒಂದೇ ಹೊತ್ತಿಗೆ ಊರಿಗೆ ವಿಡಿಯೋ ಕಾಲ್ ಮಾಡಿದರೆ ಯಾರ ಮುಖವೂ ಸರಿಯಾಗಿ ಬರುವುದಿಲ್ಲ. ‘ಚಾಪಿ, ಚಾಪಿ’ ಎಂದು ಪರದೆಗಳ ಹಿಂದಿನಿಂದ ಕೂಗು ಕೇಳುತ್ತದೆ. ಮಾತು ತುಂಡು ತುಂಡಾಗಿ ಬರುತ್ತಿದೆ ಎನ್ನಲು ಅವರೆಲ್ಲ ಬಳಸುವ ಮಾತು ಅದು. ಚಿತ್ರ ನಿಂತುಹೋದರೆ ಅವರದೊಂದು ಅಭ್ಯಾಸ ಇದೆ: ಅಲುಗಾಡದೆ, ನಗುವನ್ನು ಹಾಗೇ ಹಿಡಿದು ಕೂರುತ್ತಾರೆ. ಆ ಕಡೆಯವರಿಗೆ ನಿಂತ ಚಿತ್ರವಾದರೂ ಚೆಂದ ಕಾಣಲಿ, ಬಾಯಿ ಸೊಟ್ಟಗಾದ ಚಿತ್ರ ನೋಡಿ ತಾಯಿ ನೊಂದುಕೊಳ್ಳದಿರಲಿ ಎಂದು. ಇದನ್ನು ಮೊದಲು ನೋಡಿದಾಗ ನಾನು ನಕ್ಕಿದ್ದೆ.

ರೋವೆನಾಳ ತಾಯಿ ಸಮಾರ್ ದ್ವೀಪದ ಒಂದು ಹಳ್ಳಿಯಲ್ಲಿದ್ದರು. ಹೃದಯದ ಕಾಯಿಲೆ. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ರೋವೆನಾಳ ವೀಸಾ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಈಗ ದೇಶ ಬಿಟ್ಟರೆ ಮರಳಿ ಬರುವ ಖಾತ್ರಿ ಇರಲಿಲ್ಲ. ಅವಳ ಅಣ್ಣ ಜುನ್ ಅಬುಧಾಬಿಯಿಂದಾಚೆ ರುವೈಸ್‌ನ ತೈಲ ಶುದ್ಧೀಕರಣ ಘಟಕದಲ್ಲಿ ಅಟ್ಟಣೆ ಕಟ್ಟುವ ಕೆಲಸದವನು. ಅಲ್ಲಿ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಕಾಲ, ಯಾರಿಗೂ ರಜೆ ಇರಲಿಲ್ಲ. ತಾಯಿ ಕೇಳಿದ್ದು ಒಂದನ್ನೇ: ನೀವಿಬ್ಬರೂ ಬರಬೇಡಿ, ಇಬ್ಬರೂ ಒಟ್ಟಿಗೆ ಕೂತು ಒಮ್ಮೆ ಕಾಲ್ ಮಾಡಿ, ಒಂದೇ ಚಿತ್ರದಲ್ಲಿ ನೋಡಬೇಕು.

ಕಷ್ಟ ಇದ್ದದ್ದು ಅಲ್ಲೇ. ಅಣ್ಣ ತಂಗಿ ಮಾತು ಬಿಟ್ಟು ವರ್ಷ ದಾಟಿತ್ತು. ಬಿರುಗಾಳಿಗೆ ಊರಿನ ಮನೆಯ ಮಾಡು ಹಾರಿದಾಗ ರೋವೆನಾ ಅಣ್ಣನ ಹತ್ತಿರ ಹಣ ಕೇಳಿದ್ದಳು. ಅದೇ ತಿಂಗಳು ಚಿಕ್ಕಪ್ಪನ ಮಗ, ಹಳೆಯ ಸಹಪಾಠಿ, ಹೆಂಡತಿಯ ಸೋದರತ್ತೆ ಎಲ್ಲರೂ ಕೇಳಿದ್ದರಂತೆ. ಗಲ್ಫ್‌ನಲ್ಲಿರುವವರ ಫೋನಿಗೆ ‘ಹೇಗಿದ್ದೀ, ಬಿಜಿಯಾ’ ಎಂದು ಮೆಸೇಜ್ ಬಂದರೆ ಹಿಂದೆಯೇ ಏನು ಬರುತ್ತದೆಂದು ನಮ್ಮ ಕರಾವಳಿಯವರಿಗೂ ಗೊತ್ತು. ಜುನ್ ತಂಗಿಗೆ ‘ನಾನೇನು ಬ್ಯಾಂಕಾ’ ಎಂದು ಬರೆದ. ಅವಳು ಅದಕ್ಕಿಂತ ಕೆಟ್ಟದ್ದನ್ನು ಬರೆದಳು. ಇಬ್ಬರೂ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡರು. ಈಗ ಊರಿನಲ್ಲಿರುವ ಕಿರಿಯ ತಂಗಿ ಲಿಸಾ ಇಬ್ಬರ ನಡುವೆ ಸುದ್ದಿ ಮುಟ್ಟಿಸಿ ಈ ಭೇಟಿ ಗೊತ್ತು ಮಾಡಿದ್ದಳು.

‘ನೀವು ನಡುವೆ ಕೂತರೆ ಅವನು ಏನೂ ಅನ್ನುವುದಿಲ್ಲ. ನಮ್ಮಲ್ಲಿ ಹಿರಿಯರ ಎದುರು ಜಗಳ ಆಡುವುದಿಲ್ಲ’ ಎಂದಿದ್ದಳು ರೋವೆನಾ. ಹೀಗೆ ನಾನು ಅವರಿಬ್ಬರ ನಡುವಿನ ಗೋಡೆಯ ಕೆಲಸಕ್ಕೆ ಹೊರಟೆ.

ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ. ಪೇಶಾವರದ ಒಬ್ಬ ಡ್ರೈವರ್‌ನ ಶೇರಿಂಗ್ ಕಾರಿನಲ್ಲಿ ತಲಾ ಹದಿನೈದು ದಿರ್ಹಮ್ ಕೊಟ್ಟು ಇಬ್ನ್ ಬತೂತಾ ಬಸ್ ನಿಲ್ದಾಣಕ್ಕೆ ಹೋದೆವು. ಅಲ್ಲಿಂದ ಅಬುಧಾಬಿಗೆ ಇಪ್ಪತ್ತೈದು ದಿರ್ಹಮ್, ಎರಡು ಗಂಟೆಗೆ ಹತ್ತಿರದ ಪ್ರಯಾಣ. ಬಸ್ಸಿನ ಎಸಿ ಎಷ್ಟು ಜೋರಿತ್ತೆಂದರೆ ಹೊರಗೆ ಬೆಂಕಿ, ಒಳಗೆ ಹಲ್ಲು ಕಟಕಟ. ರೋವೆನಾ ತುಟಿ ಅಲುಗಿಸುತ್ತಿದ್ದಳು. ಜಪಮಾಲೆ ಹೇಳುತ್ತಿದ್ದಾಳೆಂದುಕೊಂಡೆ. ಕೇಳಿದರೆ, ಅಣ್ಣನನ್ನು ಕಂಡ ಕೂಡಲೇ ಆಡಬೇಕಾದ ಮೊದಲ ಮಾತನ್ನು ಬಾಯಿಪಾಠ ಮಾಡುತ್ತಿದ್ದಾಳಂತೆ.

ಅಬುಧಾಬಿ ನಿಲ್ದಾಣದ ಹೊರಗೆ ಪರೋಟ, ಕಡಕ್ ಚಹಾ ಸಿಕ್ಕಿತು. ಅವಳು ಡಬ್ಬಿಯಲ್ಲಿ ತಂದ ಅನ್ನವನ್ನೇ ತಿಂದಳು. ಬೆಳಗ್ಗೆಯೂ ಅನ್ನವಿಲ್ಲದೆ ಅವರಿಗೆ ಆಗುವುದಿಲ್ಲ. ರುವೈಸ್ ಬಸ್ಸಿಗೆ ಅಲ್ಲಿನ ಬೇರೆಯೇ ಕಾರ್ಡು ಮಾಡಿಸಬೇಕಾಯಿತು, ಮೂವತ್ತೈದರ ಹತ್ತಿರ ಹೋಯಿತು. ಬಸ್ ತುಂಬ ನೀಲಿ, ಬೂದು ಸಮವಸ್ತ್ರದ ಗಂಡಸರು, ಹೆಂಗಸರು ನಾವಿಬ್ಬರೇ. ತರೀಫ್ ಎಂಬ ಊರು ದಾಟಿದ ಮೇಲೆ ನೋಡಲು ಏನೂ ಇಲ್ಲ. ಎಡಕ್ಕೆ ಮರಳು, ಬಲಕ್ಕೆ ಎಲ್ಲೋ ಸಮುದ್ರ, ನಡುವೆ ಸಾಲು ಸಾಲು ಲಾರಿಗಳು. ಮೂರು ಗಂಟೆ ಆ ಮರಳನ್ನು ನೋಡಿದ ಮೇಲೆ ನನಗೆ ಯಾಕೋ ಅಳು ಬಂದ ಹಾಗಾಯಿತು. ಇಷ್ಟು ದೂರದಲ್ಲಿ ಮನುಷ್ಯರು ಒಬ್ಬೊಬ್ಬರೇ ಬದುಕುತ್ತಾರಲ್ಲ ಎನ್ನಿಸಿತು.

ರುವೈಸ್‌ನಲ್ಲಿ ಜುನ್ ನಿಲ್ದಾಣದ ನೆರಳಿನಲ್ಲಿ ನಿಂತಿದ್ದ. ಗಿಡ್ಡ ಆಳು, ಬಿಸಿಲಿಗೆ ಕಪ್ಪಾದ ಮುಖ, ಇಸ್ತ್ರಿ ಮಾಡಿದ ಅಂಗಿ. ರೋವೆನಾ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಅವನು ನನ್ನ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಹಣೆಗೆ ಮುಟ್ಟಿಸಿಕೊಂಡ. ಹಿರಿಯರಿಗೆ ಅವರು ಮರ್ಯಾದೆ ಕೊಡುವ ರೀತಿ ಅದು. ತಂಗಿಯ ಚೀಲವನ್ನು ಮಾತಿಲ್ಲದೆ ತಾನು ತೆಗೆದುಕೊಂಡ.

ಅವನಿರುವ ಕಾರ್ಮಿಕರ ಕ್ಯಾಂಪಿನೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಹತ್ತಿರದ ಒಂದು ಕ್ಯಾಫೆಟೇರಿಯಾಕ್ಕೆ ಹೋದೆವು. ಗಲ್ಲಾದಲ್ಲಿ ಕೂತಿದ್ದವರು ಉಪ್ಪಿನಂಗಡಿಯವರು, ಅಲ್ಲಿ ಎಲ್ಲರಿಗೂ ಹಮೀದಾಕ. ನಾನು ಫೋನಿನಲ್ಲಿ ಮನೆಯವರ ಜೊತೆ ಮಾತಾಡಿದ್ದು ಕೇಳಿ ಹಲ್ಲು ಕಿರಿದರು.

‘ಊರು ಎಲ್ಲಿ ಅಕ್ಕ ನಿಮ್ಮದು? ಈ ಬಿಸಿಲಿಗೆ ಇಲ್ಲಿಗೆಂತ ಬಂದದ್ದು?’

ವಿಷಯ ಹೇಳಿದೆ. ಅವರ ಮುಖ ಗಂಭೀರವಾಯಿತು. ‘ಹಾಗಾದ್ರೆ ಒಳಗಿನ ಮೇಜಲ್ಲಿ ಕೂತ್ಕೊಳ್ಳಿ. ಹುಡುಗರ ಫೋನೆಲ್ಲ ಆಫ್ ಮಾಡಿಸ್ತೇನೆ, ಇಲ್ಲದಿದ್ರೆ ನೆಟ್ಟು ಎಳೆಯುವುದಿಲ್ಲ. ತಾಯಿಯ ವಿಷಯ ಅಲ್ವಾ’ ಎಂದರು. ಪಾಸ್‌ವರ್ಡನ್ನು ತಾವೇ ಬಂದು ಒತ್ತಿಕೊಟ್ಟರು.

ನಾವು ಒಂದೇ ಬೆಂಚಿನಲ್ಲಿ ಕೂತೆವು: ಆ ಕಡೆ ಜುನ್, ಈ ಕಡೆ ರೋವೆನಾ, ನಡುವೆ ನಾನು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದರು. ಎರಡು ಸಲ ಕಾಲ್ ಹತ್ತಲಿಲ್ಲ. ಮೂರನೆಯ ಸಲ ಲಿಸಾಳ ಮೂಗು, ಮಾಡಿನ ಹೊಸ ತಗಡು, ಆಮೇಲೆ ದಿಂಬಿಗೆ ಒರಗಿದ ಮುದುಕಿ ಕಂಡರು. ಸಿಗ್ನಲ್ ಸಿಗುವುದು ಕಿಟಕಿಯ ಹತ್ತಿರ ಮಾತ್ರವಂತೆ, ಅದಕ್ಕೇ ಹಾಸಿಗೆಯನ್ನು ಅಲ್ಲಿಗೆ ತಂದಿದ್ದರು. ಹಿಂದೆ ಕಿಟಕಿಗೆ ಹೂವಿನ ಪರದೆ ಇತ್ತು.

ತಾಯಿ ಮೊದಲು ಹೇಳಿದ್ದು, ರೋವೆನಾ ನನಗೆ ತಿಳಿಸಿದಂತೆ, ‘ಇಬ್ಬರೂ ದಪ್ಪಗಾಗಿದ್ದೀರಿ’ ಎಂದು. ಎರಡನೆಯದು ‘ಊಟ ಆಯಿತಾ’ ಎಂದು. ಮೂರನೆಯದಕ್ಕೆ ರೋವೆನಾ ತಲೆ ತಗ್ಗಿಸಿದಳು, ಜುನ್ ನಕ್ಕುಬಿಟ್ಟ.

‘ಏನಂದ್ರು ಮಾರಾಯ್ತಿ?’ ಎಂದೆ.

‘ನಡುವೆ ಇರುವ ದೊಡ್ಡ ಹೆಂಗಸು ಯಾರು, ಸ್ವಲ್ಪ ಸರಿಯಲು ಹೇಳಿ ಅಂತಿದ್ದಾರೆ’ ಎಂದಳು ರೋವೆನಾ.

ನಾನು ಎದ್ದು ಎದುರಿನ ಕುರ್ಚಿಗೆ ಹೋದೆ. ಬೆಂಚಿನಲ್ಲಿ ನನ್ನಷ್ಟು ಅಗಲದ ಜಾಗ ಖಾಲಿ ಉಳಿಯಿತು. ಅಣ್ಣ ತಂಗಿ ಇಬ್ಬರೂ ಅದನ್ನು ನೋಡಿದರು. ಜುನ್ ಮೊದಲು ಸರಿದ. ಅವಳೂ ಸರಿದಳು. ಭುಜಕ್ಕೆ ಭುಜ ತಾಗಿತು. ತಾಯಿ ಏನೋ ಹೇಳಿದರು, ಅರ್ಧ ಬಂತು, ಅರ್ಧ ಬರಲಿಲ್ಲ. ಲಿಸಾ ನೀರು ತರಲು ಫೋನನ್ನು ಎಲ್ಲೋ ಒರಗಿಸಿ ಹೋದಳು. ಮುದುಕಿಯ ಮುಖದಲ್ಲಿ ಸಣ್ಣ ನಗು ಇತ್ತು. ಆಮೇಲೆ ಚಿತ್ರ ನಿಂತಿತು.

‘ಚಾಪಿ’ ಎಂದ ಜುನ್. ಇಬ್ಬರೂ ಅಭ್ಯಾಸದಂತೆ ನಗು ಹಿಡಿದು, ಅಲುಗಾಡದೆ ಕೂತರು. ಅವರಿಗೆ ತೊಂದರೆಯಾಗದಿರಲೆಂದು ನಾನೂ ಚಹಾದ ಲೋಟ ಎತ್ತದೆ ಕೂತೆ. ಹಮೀದಾಕ ಅಡುಗೆಮನೆಯ ಕಡೆ ‘ಯಲ್ಲಾ, ಯಾರಾದ್ರೂ ಫೋನ್ ಹಚ್ಚಿದ್ರೆ ಬಂದ್ ಮಾಡ್ರಾ’ ಎಂದು ಗದರಿದರು. ರೋವೆನಾಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗು ಮಾತ್ರ ಹಾಗೇ ಇತ್ತು. ಒರೆಸಿಕೊಂಡರೆ ಚಿತ್ರ ಕೆಡುತ್ತದೆಂದು ಒರೆಸಿಕೊಳ್ಳಲಿಲ್ಲ.

ನಾನು ಪಕ್ಕದಿಂದ ಬಾಗಿ ಫೋನನ್ನು ನೋಡಿದೆ. ಮುದುಕಿಯ ಹಿಂದಿನ ಹೂವಿನ ಪರದೆ ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು. ಒಮ್ಮೆ ಉಬ್ಬಿತು, ಒಮ್ಮೆ ತಗ್ಗಿತು. ನೆಟ್ ನಿಂತಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಆ ಎರಡು ಮುಖಗಳು ಹಾಗೆ ನಗುತ್ತಿರುವಾಗ ಯಾವ ಭಾಷೆಯಲ್ಲಿ ಹೇಳಲಿ? ಲಿಸಾ ನೀರಿನ ಲೋಟ ಹಿಡಿದು ಬಂದಳು. ತಾಯಿಯ ಕೆನ್ನೆ ಮುಟ್ಟಿದಳು, ಭುಜ ಅಲ್ಲಾಡಿಸಿದಳು. ಅವಳ ಬಾಯಿ ದೊಡ್ಡದಾಗಿ ತೆರೆಯಿತು, ಆದರೆ ದನಿ ಇರಲಿಲ್ಲ. ಜುನ್ ‘ಲಿಸಾ, ಚಾಪಿ, ಕೇಳಿಸುತ್ತಿಲ್ಲ’ ಎನ್ನುತ್ತಿದ್ದ. ಅಷ್ಟರಲ್ಲಿ ಸಮುದ್ರಗಳನ್ನು ದಾಟಿಕೊಂಡು ಆ ಕೂಗು ಬಂದು ಮುಟ್ಟಿತು.

ನಂತರದ್ದನ್ನು ಹೆಚ್ಚು ಬರೆಯಲಾರೆ. ರೋವೆನಾ ಅಣ್ಣನ ಎದೆಗೆ ಹಣೆ ಒತ್ತಿ ಅತ್ತಳು, ಜುನ್ ಅವಳ ತಲೆಯ ಮೇಲೆ ಗಲ್ಲವಿಟ್ಟು ಗೋಡೆ ನೋಡುತ್ತ ಕೂತ. ಕಾಲ್ ಕಡಿಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹಮೀದಾಕ ಹೊರಗಿನ ಬಾಗಿಲು ಎಳೆದುಕೊಂಡು, ಬಂದ ಗಿರಾಕಿಗಳಿಗೆ ‘ಈಗ ಮಾಫಿ, ಏನೂ ಇಲ್ಲ, ಆಮೇಲೆ ಬನ್ನಿ’ ಎನ್ನುತ್ತಿದ್ದರು. ನಾನು ಜಪಮಾಲೆ ತೆಗೆದೆ. ನಾನು ಕೊಂಕಣಿಯಲ್ಲಿ, ಅವರು ಅವರ ಭಾಷೆಯಲ್ಲಿ, ಒಂದೇ ಪ್ರಾರ್ಥನೆ ಹೇಳಿದೆವು. ಚಹಾದ ದುಡ್ಡನ್ನು ಹಮೀದಾಕ ಮುಟ್ಟಲಿಲ್ಲ.

ಮೂರೂವರೆಯ ಬಸ್ಸಿಗೆ ಜುನ್ ನಮ್ಮನ್ನು ಬಿಡಲು ಬಂದ. ರಾತ್ರಿ ಪಾಳಿಗೆ ಅವನು ಹೋಗಲೇಬೇಕಿತ್ತು. ಸಾವಿನ ಮನೆಯಿಂದ ಹೊರಡುವಾಗ ನಮ್ಮ ಕಡೆ ‘ಬರ್ತೇನೆ’ ಎನ್ನುವುದಿಲ್ಲ, ಆದ್ದರಿಂದ ನಾನು ಸುಮ್ಮನೆ ಅವನ ಕೈ ಹಿಡಿದೆ. ಅವನು ನನ್ನನ್ನು ಬದಿಗೆ ಕರೆದ.

‘ಆತೆ, ನೇರವಾಗಿ ಮನೆಗೆ ಹೋಗಬೇಡಿ. ದಾರಿಯಲ್ಲಿ ಎಲ್ಲಾದರೂ ಕೂತು ಕಾಫಿ ಕುಡಿದು ಹೋಗಿ. ನಮ್ಮಲ್ಲಿ ಇದಕ್ಕೆ ಪಗ್ಪಗ್ ಅನ್ನುತ್ತಾರೆ, ಕೊಡವಿಕೊಳ್ಳುವುದು ಅಂತ. ಸಾವು ನೋಡಿದವರು ಬೇರೆ ಕಡೆ ನಿಂತು ಹೋಗದಿದ್ದರೆ ಸತ್ತವರು ಹಿಂದೆಯೇ ಮನೆಗೆ ಬರುತ್ತಾರೆ.’

‘ಫೋನಿನಲ್ಲಿ ನೋಡಿದ್ದಕ್ಕೂ ಉಂಟಾ ಅದು?’ ಎಂದೆ.

‘ಗೊತ್ತಿಲ್ಲ’ ಎಂದ ಅವನು. ‘ಆದರೂ ಮಾಡಿಸಿ.’

ಮರಳುವ ದಾರಿಯಲ್ಲಿ ಅದೇ ಮರಳು ಕೆಂಪಾಗಿ, ಆಮೇಲೆ ಕಪ್ಪಾಗಿ ಕಂಡಿತು. ರೋವೆನಾ ಅಳಲಿಲ್ಲ, ಮಲಗಲೂ ಇಲ್ಲ. ಅಬುಧಾಬಿಯಲ್ಲಿ ಇಳಿದಾಗ ನಾನು ಒಂದು ಕಾಫಿ ಅಂಗಡಿ ನೋಡಿಟ್ಟು, ‘ಬಾ, ಹತ್ತು ನಿಮಿಷ ಕೂತು ಹೋಗುವ’ ಎಂದೆ. ಅವಳು ದುಬೈ ಬಸ್ಸಿನ ಸಾಲಿನಲ್ಲಿ ಹೋಗಿ ನಿಂತಳು.

‘ಜುನ್ ಹೇಳಿದ್ದಾನೆ ರೋವೆನಾ. ಪಗ್ಪಗ್ ಮಾಡದೆ ಹೋಗಬಾರದಂತೆ.’

‘ಗೊತ್ತು, ಆತೆ. ನನಗೆ ಬೇಡ.’

‘ಅಮ್ಮ ಹಿಂದೆ ಬರ್ತಾರೆ ಅಂತ ಹೇಳಿದ ಅವನು.’

‘ಬರಲಿ’ ಎಂದಳು. ಸಾಲು ಮುಂದೆ ಸರಿದ ಮೇಲೆ ಮತ್ತೆ ಹೇಳಿದಳು. ‘ನಿನ್ನ ದುಬೈ ತೋರಿಸು ಅಂತ ಪ್ರತಿ ವರ್ಷ ಕೇಳುತ್ತಿದ್ದರು. ಮುಂದಿನ ವರ್ಷ ವೀಸಾ ಮಾಡಿಸುತ್ತೇನೆ, ಮುಂದಿನ ವರ್ಷ ಅಂತ ಹೇಳುತ್ತ ಬಂದೆ. ಈಗ ವೀಸಾ ಬೇಡವಲ್ಲ.’

ದುಬೈಯಲ್ಲಿ ಇಳಿದ ಮೇಲೂ ಅವಳು ಎಲ್ಲಿಯೂ ನಿಲ್ಲಲಿಲ್ಲ. ನೀರಿನ ಬಾಟಲಿ ಕೊಳ್ಳಲು ನಾನು ಅಂಗಡಿಯ ಕಡೆ ತಿರುಗಿದರೆ ಅದಕ್ಕೂ ಬೇಡವೆಂದಳು. ಮೆಟ್ರೋದಲ್ಲಿ ಜಾಗ ಖಾಲಿ ಇತ್ತು. ಅವಳು ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆಯದರಲ್ಲಿ ಕೂತಳು. ನಾನು ಎದುರಿಗೆ ಕೂತೆ. ಇಂಟರ್‌ನ್ಯಾಷನಲ್ ಸಿಟಿಯ ಬಸ್ಸಿನಿಂದ ಇಳಿದು, ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಬಂದೆವು. ಒಳಗೆ ಯಾರೋ ಮೀನು ಹುರಿಯುತ್ತಿದ್ದರು.

ರೋವೆನಾ ಬೀಗದ ಕೈ ತಿರುಗಿಸಿ ಬಾಗಿಲು ತೆರೆದಳು. ಒಳಗೆ ಹೋಗದೆ, ಅದನ್ನು ಬೆನ್ನಿಗೆ ಒತ್ತಿ ಹಿಡಿದು ಪಕ್ಕದಲ್ಲಿ ನಿಂತಳು. ನಾನು ಒಂದು ಹೆಜ್ಜೆ ಇಟ್ಟವಳು ಹಿಂದೆ ಸರಿದೆ. ನಮ್ಮ ಹಿಂದೆ ಬಂದ ಹಿರಿಯರು ಮೊದಲು ಹೋಗಲಿ ಎಂದು ಗೋಡೆಗೆ ಒತ್ತಿ ನಿಂತು, ದಾರಿ ಬಿಟ್ಟೆ.